ಅಕ್ಕನ ಲೆವೆಲ್ಲು

ನಾನೂ ನನ್ನ ಅಕ್ಕನೂ ಫೋನಿನಲ್ಲಿ ಮಾತಾಡಲಾರೆವು. ಮಾತಾಡಿದರೆ ಎರಡನೇ ನಿಮಿಷಕ್ಕೆ ಜಗಳ. ಅವಳು "ಹೇಗಿದೀಯ?" ಅಂತ ಕೇಳಿದರೆ ನನ್ನ ಕಿವಿಗೆ ಅದು "ಇನ್ನೂ ಇದೀಯಾ?" ಅಂತ ಬೀಳುತ್ತದೆ. ನಾನು "ಊಟ ಆಯ್ತಾ?" ಅಂದರೆ ಅವಳಿಗೆ ಚುಚ್ಚಿದ ಹಾಗಾಗುತ್ತದೆ. ನಮ್ಮ ಮನೆಯವರ ಬಾಯೇ ಹಾಗೆ, ಏನು ಮಾಡುವುದು.

ಅಪ್ಪ ತೀರಿಕೊಂಡ ಮೇಲಂತೂ ಮೂರು ವರ್ಷ ನಮ್ಮ ನಡುವೆ ಮಾತೇ ಇರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಅಷ್ಟೂ ದಿನ ಪಕ್ಕದಲ್ಲಿ ಕೂತಿದ್ದವಳು ಅಕ್ಕ. ನಾನು ಕೆಲಸದ ನೆಪ ಹೇಳಿ ಇವತ್ತು, ನಾಳೆ ಅನ್ನುತ್ತಾ ಹನ್ನೆರಡನೇ ದಿನ ಹೋದೆ. ಮಂಚ ಖಾಲಿಯಾಗಿತ್ತು, ಅದರ ಮೇಲೆ ಹೊಸ ಹೊದಿಕೆ ಹಾಸಿದ್ದರು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದ ಹಾಗೆ ಬೈದಿದ್ದರೆ ಅಲ್ಲೇ ಕ್ಷಮೆ ಕೇಳಿ ಹಗುರಾಗುತ್ತಿದ್ದೆ. ಬೈಯಲಿಲ್ಲ, ನಾನೂ ಕೇಳಲಿಲ್ಲ. ಆ ಒಂದು ಮಾತು ನನ್ನ ಗಂಟಲಲ್ಲೇ ಉಳಿದುಬಿಟ್ಟಿತು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ನಂಬರಿನಿಂದ ನನ್ನ ಫೋನಿಗೆ ಮೆಸೇಜು ಬಂತು. "ನಿಮ್ಮನ್ನು ಯುದ್ಧಕ್ಕೆ ಕರೆಯುತ್ತಿದ್ದೇನೆ. ಧೈರ್ಯವಿದ್ದರೆ ಬನ್ನಿ!" ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ಸುಮ್ಮನಿದ್ದು ಈಗ ಕಾಲು ಕೆರೆದುಕೊಂಡು ಬಂದಳಲ್ಲ ಅಂತ "ಎಲ್ಲಿಗೆ ಬರಬೇಕು ಹೇಳು" ಎಂದು ಬರೆದೆ.

ಅವಳು ತಕ್ಷಣ ಫೋನ್ ಮಾಡಿದಳು. "ಎಲ್ಲಿಗೋ ಬರ್ತೀಯ? ತಲೆ ಕೆಟ್ಟಿದೆಯಾ?"

"ನೀನೇ ಕರೆದಿದೀಯಲ್ಲ, ಯುದ್ಧಕ್ಕೆ!"

"ಅಯ್ಯೋ ಅದರ ಮನೆ ಹಾಳಾಗ" ಅಂದಳು. ಅಕ್ಕ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಒಂದು ಮೆಶೀನು ಒಗೆದು ಮುಗಿಸುವ ತನಕ ಅವರಿಗೆ ಬಿಡುವು. ಜೊತೆಗೆ ಕೆಲಸ ಮಾಡುವವಳೊಬ್ಬಳು ಅವಳ ಫೋನಿಗೆ ಗುಂಡು ಹಾರಿಸುವ ಆಟ ಹಾಕಿಕೊಟ್ಟಿದ್ದಳು. ಆ ಆಟ ಇವಳನ್ನು ಒಂದು ಮಾತೂ ಕೇಳದೆ ಫೋನಿನಲ್ಲಿದ್ದ ಎಲ್ಲರಿಗೂ ಕರೆಯೋಲೆ ಕಳಿಸಿತ್ತು. "ನಮ್ಮ ಮ್ಯಾನೇಜರಿಗೂ ಹೋಗಿದೆ ಕಣೋ, ಧೈರ್ಯವಿದ್ದರೆ ಬನ್ನಿ ಅಂತ!" ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹಾಗೆ ಶುರುವಾಯಿತು. ಆಟಕ್ಕೆ ಉದ್ದನೆಯ ಹೆಸರೊಂದಿತ್ತು, ಅಕ್ಕ ಅದನ್ನು ಗುಂಡಾಟ ಅಂತಲೇ ಕರೆದಳು. ಅರವತ್ತು ಜನ ಪಾಳುಬಿದ್ದ ಪಟ್ಟಣವೊಂದಕ್ಕೆ ಆಕಾಶದಿಂದ ಇಳಿಯುತ್ತಾರೆ. ಹೊಡೆದಾಡಿ ಕೊನೆಗೆ ಉಳಿದವರು ಗೆದ್ದ ಹಾಗೆ. ಇಬ್ಬರಿಬ್ಬರಾಗಿ ಆಡುವ ಜೋಡಿಯಾಟ ಅಂತ ಇತ್ತು, ನಮ್ಮದು ಅದು. ಆಟದಲ್ಲಿ ಅವಳ ಹೆಸರು ಬಟ್ಟೆರಾಣಿ. ಪ್ರತಿ ಭಾನುವಾರ ಮೂರು ಗಂಟೆಗೆ ಅವಳು ಅವಳ ಊರಲ್ಲಿ, ನಾನು ನನ್ನ ಊರಲ್ಲಿ ಫೋನು ಹಿಡಿದು ಕೂರುತ್ತಿದ್ದೆವು.

ಅಕ್ಕ ಗುಂಡು ಹಾರಿಸುವವಳಲ್ಲ, ಅವಿತುಕೊಳ್ಳುವವಳು. ಇಳಿದವಳೇ ಯಾವುದಾದರೂ ಮನೆಯ ಬಟ್ಟೆ ಒಗೆಯುವ ಕೋಣೆ ಹುಡುಕುತ್ತಿದ್ದಳು. "ಇಲ್ಲೂ ವಾಷಿಂಗ್ ಮೆಶೀನು ನೋಡೋ, ನನ್ನ ಹಣೆಬರಹ" ಅನ್ನುತ್ತಾ ಅದರ ಹಿಂದೆ ಕೂರುತ್ತಿದ್ದಳು. ಬಂದೂಕು ಬಾಗಿಲ ಕಡೆ ಇಟ್ಟುಕೊಂಡು ನಾನು ಅವಳ ಪಕ್ಕ. ಆಮೇಲೆ ಆಟದೊಳಗಿನ ಮೈಕಿನಲ್ಲೇ ಮಾತು. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸುಮ್ಮನಿದ್ದರೆ ಬೇಸರವೂ ಇಲ್ಲ, ಯುದ್ಧದಲ್ಲಿ ಸುಮ್ಮನಿರಲೇಬೇಕು. "ಅಪ್ಪ ಕೊನೇಕೊನೇಗೆ ಗಂಜಿ ಕುಡೀತಾನೇ ಇರ್ಲಿಲ್ಲ ಕಣೋ... ಏಯ್, ಮೆಟ್ಟಿಲ ಹತ್ರ ಯಾರೋ ಬಂದ!" ಎನ್ನುತ್ತಿದ್ದಳು. ಫೋನಿನಲ್ಲಿ ಆ ಗಂಜಿಯ ಮಾತು ಬಂದಿದ್ದರೆ ನಾನು ಹೊತ್ತಿಕೊಳ್ಳುತ್ತಿದ್ದೆ. ಇಲ್ಲಿ ಮೆಟ್ಟಿಲ ಹತ್ತಿರ ಬಂದವನಿಗೆ ಗುಂಡು ಹೊಡೆದು, "ಹೂಂ, ಆಮೇಲೆ?" ಅನ್ನುತ್ತಿದ್ದೆ.

ಹನ್ನೊಂದು ಸಲ ಗೆದ್ದೆವು. ಎಲ್ಲರೂ ಸತ್ತು, ಕೊನೆಯವನೊಬ್ಬ ಕುರುಡನ ಹಾಗೆ ಬಾಗಿಲ ಮುಂದೆ ಓಡಾಡುತ್ತಿದ್ದ, ಅವನನ್ನು ನಾನು ಹೊಡೆದರೆ ಮುಗಿಯಿತು. ಅಕ್ಕ ಕಿರುಚುತ್ತಿದ್ದಳು. "ನನ್ನನ್ನ ಹುಡುಕೋ ಗಂಡು ಇನ್ನೂ ಹುಟ್ಟಿಲ್ಲ ಕಣೋ!" ಜೀವಮಾನದಲ್ಲಿ ಅವಳು ಏನನ್ನಾದರೂ ಗೆದ್ದು ಜಂಬ ಪಟ್ಟಿದ್ದು ನಾನು ನೋಡಿರಲಿಲ್ಲ. ಇನ್ನೊಂದೆರಡು ಭಾನುವಾರ ಕಳೆಯಲಿ, ಆ ಮೆಶೀನಿನ ಹಿಂದೆ ಕೂತಾಗಲೇ ಕ್ಷಮೆ ಕೇಳಿಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಆಟಕ್ಕೆ ಹೊಸ ಸೀಸನ್, ಅಂದರೆ ಹೊಸ ನಿಯಮಗಳ ಕಂತು, ಬಂತು. ಪಟಾಕಿ ಸಿಡಿಸುತ್ತಾ, ಹೊಳೆಯುವ ಅಂಗಿ ತೊಟ್ಟ ಸೈನಿಕರನ್ನು ಕುಣಿಸುತ್ತಾ ಬಂತು. ಜೋಡಿಯಾಟ ಆಡಬೇಕಾದರೆ ಇನ್ನು ಮೇಲೆ ಇಬ್ಬರದ್ದೂ ಲೆವೆಲ್ಲು ಅರವತ್ತಾಗಿರಬೇಕಂತೆ. ನನ್ನದು ಇಪ್ಪತ್ತೇಳು, ಅಕ್ಕನದು ಹತ್ತೊಂಬತ್ತು. ಒಂದೊಂದು ಲೆವೆಲ್ಲು ಏರಲು ಇಷ್ಟು ಪೆಟ್ಟಿಗೆ ಒಡೆಯಬೇಕು, ಇಷ್ಟು ದೂರ ಓಡಬೇಕು, ಇಂಥದೇ ಬಂದೂಕಿನಿಂದ ಇಷ್ಟು ಜನರನ್ನು ಹೊಡೆಯಬೇಕು. ಇವತ್ತಿನ ಕೆಲಸ ಇವತ್ತೇ ಮಾಡಬೇಕು, ನಾಳೆಗೆ ಅದು ಲೆಕ್ಕಕ್ಕಿಲ್ಲ. ಆಟವಂತೆ ಆಟ! ಇದಕ್ಕಿಂತ ಕೂಲಿ ವಾಸಿ, ಸಂಜೆಯಾದರೆ ಬಿಡುತ್ತಾರೆ.

ದುಡ್ಡು ಕೊಟ್ಟರೆ ಮಾತ್ರ ದಾರಿ ಸಲೀಸು. ಪಾಸು ಕೊಂಡರೆ ಎರಡು ಪಟ್ಟು ವೇಗ, ಲೆವೆಲ್ಲಿನ ಕಟ್ಟು ಕೊಂಡರೆ ಒಂದೇ ಏಟಿಗೆ ಹತ್ತು ಏರಬಹುದು. ಅಕ್ಕನಿಗೆ ಒಂದು ಕಟ್ಟು ಕೊಡಿಸಿಯೂಬಿಟ್ಟೆ. ಗೊತ್ತಾದ ಕೂಡಲೇ ಅವಳು ನನ್ನ ಮೇಲೆ ಹರಿಹಾಯ್ದಳು. "ಸುಳ್ಳು ಬಂದೂಕಿಗೆ ನಿಜವಾದ ದುಡ್ಡು ಸುರೀತೀಯಾ? ಇನ್ನೊಂದು ಸಲ ಹೀಗೆ ಮಾಡಿದ್ರೆ ಆಡೋದೇ ಇಲ್ಲ ನೋಡು." ಇನ್ನು ಕೊಳ್ಳುವುದಿಲ್ಲ ಅಂತ ಮಾತು ಕೊಟ್ಟೆ. ಸರಿ, ದುಡಿದೇ ಏರಬೇಕು. ಆದರೆ ವರ್ಷಗಟ್ಟಲೆ ಒದ್ದೆ ಹೊದಿಕೆ ಎಳೆದೆತ್ತಿ ಅವಳ ಮಣಿಕಟ್ಟು ಊದಿಕೊಂಡಿತ್ತು. ಹತ್ತು ನಿಮಿಷ ಆಡಿದರೆ ಬೆರಳು ಜೋಮು ಹಿಡಿಯುತ್ತಿತ್ತು.

"ನನ್ನ ಕೈಲಾಗಲ್ಲ ಕಣೋ."

"ಪಾಸ್‌ವರ್ಡ್ ಕೊಡು. ನಾನು ಏರಿಸಿಕೊಡ್ತೀನಿ."

ಕೊಟ್ಟಳು. ಅಪ್ಪನ ಹಳೇ ಸ್ಕೂಟರಿನ ನಂಬರು. ನನ್ನದೂ ಅದೇ.

ನಾನು ಹಲ್ಲು ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಮೇಣದಲ್ಲಿ ಹಲ್ಲು ಜೋಡಿಸಿ, ಪ್ಲಾಸ್ಟರಿನಲ್ಲಿ ಕೂರಿಸಿ, ಒಸಡಾಗುವ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಲೋಹದ ಡಬ್ಬಿಯಲ್ಲಿ ಬಿಗಿದು ಬಿಸಿನೀರಿಗೆ ಇಳಿಸುತ್ತೇನೆ. ಅದು ಗಟ್ಟಿಯಾಗಲು ಒಂದೂವರೆ ಗಂಟೆ ಬೇಕು. ಮೊದಲು ಆ ಹೊತ್ತಿನಲ್ಲಿ ಹಿಂದಿನ ದಿನದ ಸೆಟ್ಟುಗಳಿಗೆ ಪಾಲಿಶ್ ಹಾಕುತ್ತಿದ್ದೆ. ಈಗ ಎರಡು ಫೋನು ಇಟ್ಟುಕೊಂಡು ಒಂದರಲ್ಲಿ ನನ್ನ ಲೆವೆಲ್ಲು, ಇನ್ನೊಂದರಲ್ಲಿ ಅಕ್ಕನ ಲೆವೆಲ್ಲು ಏರಿಸತೊಡಗಿದೆ. ಉಗುರಿನಲ್ಲಿ ಮೇಣ, ಕಣ್ಣು ಬಂದೂಕಿನ ಗುರಿಯಲ್ಲಿ. ಹೆಂಡತಿ ಬಾಗಿಲಲ್ಲಿ ನಿಂತು, "ಹಲ್ಲು ಮಾಡೋದು ಬಿಟ್ಟು ಹಲ್ಲು ಕಡೀತಾ ಕೂತಿದೀರಲ್ಲ" ಅಂತ ಹೇಳಿ ಹೋದಳು. ಒಂದು ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲನ್ನು ಬಲಕ್ಕೆ ಕೂರಿಸಿಬಿಟ್ಟಿದ್ದೆ, ಅದು ವಾಪಸು ಬಂತು. ಇಪ್ಪತ್ತು ವರ್ಷದಲ್ಲಿ ಅಂಥ ತಪ್ಪು ಮಾಡಿದವನಲ್ಲ.

ಆದರೆ ಕೈ ಪಳಗಿತು. ಐವತ್ತು ದಿನ ಬೆಳಗ್ಗೆ, ಮಧ್ಯಾಹ್ನ ಅದನ್ನೇ ಮಾಡಿದರೆ ಯಾರ ಕೈಯಾದರೂ ಪಳಗುತ್ತದೆ. ಓಡುವವನ ತಲೆಗೇ ಗುರಿಯಿಟ್ಟು ಹೊಡೆಯುತ್ತಿದ್ದೆ. ಅಕ್ಕನ ಹೆಸರಿನಲ್ಲಿ ಗೆದ್ದಾಗಲೆಲ್ಲ "ಬಟ್ಟೆರಾಣಿ ಅಜೇಯ!" ಎಂದು ಪರದೆ ಮಿಂಚುತ್ತಿತ್ತು. ನನಗೋ ಎಲ್ಲಿಲ್ಲದ ಖುಷಿ.

ಕೊನೆಗೂ ಅರವತ್ತು ಮುಟ್ಟಿ ಒಂದು ಭಾನುವಾರ ಮತ್ತೆ ಜೊತೆಗೆ ಇಳಿದೆವು. "ನನ್ನ ಹೆಸರಿನ ಪಕ್ಕ ಕಿರೀಟ ಬಂದಿದೆಯಲ್ಲೋ!" ಅಂತ ಅಕ್ಕ ಮಗುವಿನ ಹಾಗೆ ಸಂಭ್ರಮಪಟ್ಟಳು. ಓಡಿಹೋಗಿ ಮೆಶೀನಿನ ಹಿಂದೆ ಕೂತಳು. ನಾನು ಬಾಗಿಲು ತಲುಪುವ ಮೊದಲೇ ಕಿಟಕಿಯಿಂದ ಒಬ್ಬ ಹಾರಿ ಬಂದು ಅವಳನ್ನು ಕೊಂದ. ನಲವತ್ತು ಸೆಕೆಂಡು ಆಗಿತ್ತಷ್ಟೆ. ಸತ್ತವರ ದನಿ ಬದುಕಿದವರಿಗೆ ಕೇಳುವುದಿಲ್ಲ, ಇವರ ದನಿ ಅವರಿಗೂ ಕೇಳುವುದಿಲ್ಲ. ಅದು ಆ ಆಟದ ನಿಯಮ. ಮತ್ತೆ ಇಳಿದೆವು, ಮತ್ತೆ ಸತ್ತಳು. ಅವತ್ತು ಒಂಬತ್ತು ಸಲ ಸತ್ತಳು, ಒಂದು ಸಲವೂ ಒಂದು ನಿಮಿಷ ದಾಟಲಿಲ್ಲ.

ಸೆಟ್ಟುಗಳನ್ನು ಒಯ್ಯಲು ಬರುವ ಕ್ಲಿನಿಕ್ಕಿನ ರಿಸೆಪ್ಷನಿಸ್ಟು ಇದೇ ಆಟ ಆಡುವವಳು. ಅವಳ ಹತ್ತಿರ ಹೇಳಿಕೊಂಡೆ. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಅಂಕಲ್, ಎಂಥ ಕೆಲಸ ಮಾಡಿಬಿಟ್ರಿ! ಅದು ಪ್ರತಿಯೊಬ್ಬರ ಆಟಾನೂ ತೂಗುತ್ತೆ. ಸಮಸಮ ಇರೋರನ್ನೇ ಒಟ್ಟಿಗೆ ಇಳಿಸುತ್ತೆ. ನಿಮ್ಮಕ್ಕನ ಹೆಸರಲ್ಲಿ ನೀವು ಆಡಿದ್ರಿ. ಈಗ ಅವರು ದೊಡ್ಡ ಶೂಟರ್ ಅಂತ ಅದರ ತಲೇಲಿ ಕೂತಿದೆ."

"ಮೊದಲು ಹನ್ನೊಂದು ಸಲ ಗೆದ್ದಿದ್ವಲ್ಲ?"

"ಆಗ ಅವರಿಗೆ ಆಡೋಕೇ ಬರಲ್ಲ ಅಂತ ಅದಕ್ಕೆ ಗೊತ್ತಿತ್ತು. ಅಂಥೋರ ಆಟದಲ್ಲಿ ಅರ್ಧಕ್ಕರ್ಧ ಮನುಷ್ಯರೇ ಇರಲ್ಲ ಅಂಕಲ್, ಕಂಪ್ಯೂಟರ್ ಬೊಂಬೆಗಳು. ಸೋತು ಬಿಟ್ಟುಹೋಗದಿರಲಿ, ಆಗಾಗ ಗೆದ್ದು ಅಂಗಡಿ ಕಡೆ ಬರಲಿ ಅಂತ ಹಾಕಿರ್ತಾರೆ."

ಬಾಗಿಲ ಮುಂದೆ ಕುರುಡನ ಹಾಗೆ ಓಡಾಡುತ್ತಿದ್ದವರೆಲ್ಲ ಕಣ್ಣ ಮುಂದೆ ಬಂದರು. ನನಗೆ ನಾಚಿಕೆಯಾಯಿತು. ನನಗಾಗಿ ಅಲ್ಲ, ಅಕ್ಕನಿಗಾಗಿ.

ಇದನ್ನು ಸರಿಮಾಡಲು ಏನೇನು ಮಾಡಲಿಲ್ಲ! ಬಟ್ಟೆರಾಣಿಯ ತೂಕ ಇಳಿಯಲಿ ಅಂತ ಅವಳ ಹೆಸರಿನಲ್ಲಿ ಹೋಗಿ ಬೇಕೆಂದೇ ಗುಂಡಿಗೆ ಎದೆ ಕೊಟ್ಟೆ. ಎರಡೇ ದಿನಕ್ಕೆ ಎಚ್ಚರಿಕೆ ಬಂತು, ಬೇಕೆಂದೇ ಸೋಲುವುದು ಮೋಸ, ಮುಂದುವರಿಸಿದರೆ ಇಬ್ಬರಿಗೂ ಶಾಶ್ವತ ನಿಷೇಧ ಅಂತ. ಹೊಸ ಹೆಸರಿನಲ್ಲಿ ಶುರುಮಾಡೋಣವೆಂದರೆ ಮತ್ತೆ ಒಂದರಿಂದ ಅರವತ್ತು, ಏರಿಸಬೇಕಾದದ್ದು ಮತ್ತೆ ನನ್ನದೇ ಕೈ. ಸಹಾಯ ಕೇಂದ್ರಕ್ಕೆ ಪುಟಗಟ್ಟಲೆ ಬರೆದೆ. ನನ್ನ ಅಕ್ಕನಿಗೆ ಆಡಲು ಬರುವುದಿಲ್ಲ, ದಯವಿಟ್ಟು ಅವಳನ್ನು ಮೊದಲಿನ ಜಾಗಕ್ಕೆ ಬಿಡಿ ಅಂತ ಅಂಗಲಾಚಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು. "ಅಭಿನಂದನೆಗಳು! ನಿಮ್ಮ ಕೌಶಲ್ಯ ಬೆಳೆದಿದೆ. ಸವಾಲನ್ನು ಆನಂದಿಸಿ!" ಅದರ ಕೆಳಗೆ ಹೊಸ ಕವಚವೊಂದರ ಜಾಹೀರಾತು. ಯಾರನ್ನು ಬೈಯಲಿ? ಬೈಸಿಕೊಳ್ಳಲಾದರೂ ಅಲ್ಲಿ ಒಬ್ಬ ಮನುಷ್ಯ ಬೇಡವೇ?

ಮುಂದಿನ ಭಾನುವಾರ ಒಂದು ನಿರ್ಧಾರ ಮಾಡಿಕೊಂಡು ಕೂತೆ. ಸಿಗುವುದು ನಲವತ್ತು ಸೆಕೆಂಡು ತಾನೇ, ನನ್ನ ಮಾತಿಗೆ ಅಷ್ಟು ಸಾಕು. ಆಕಾಶದಿಂದ ಇಳಿಯುವಾಗಲೇ "ಅಕ್ಕ" ಅಂದೆ. "ತಡಿಯೋ, ಜಾಗ ನೋಡ್ತಿದೀನಿ" ಅಂದಳು. ಈಗೀಗ ಅವಳು ಮಾತೇ ಆಡುತ್ತಿರಲಿಲ್ಲ, ಉಸಿರು ಮಾತ್ರ ಜೋರಾಗಿ ಕೇಳುತ್ತಿತ್ತು. ನೆಲಕ್ಕೆ ಕಾಲಿಟ್ಟ ಕೂಡಲೇ ಶುರುಮಾಡಿದೆ.

"ಅಕ್ಕ, ಅವತ್ತು ಆಸ್ಪತ್ರೇಲಿ ನಾನು..."

"ಎಲ್ಲಿ? ಯಾರು? ಎಲ್ಲಿಂದ ಬಂದ್ರು?"

ಬಿದ್ದಳು. ನನ್ನ ಪರದೆಯ ಮೇಲೆ ಹೊಂಬಣ್ಣದ ಗುಂಡಿಯೊಂದು ಮಿನುಗಿತು. "ನಿಮ್ಮ ಜೊತೆಗಾರರನ್ನು ಈಗಲೇ ಬದುಕಿಸಿ!" ಅದಕ್ಕೂ ದುಡ್ಡು ಕಟ್ಟಬೇಕು, ಕೊಳ್ಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಆದರೂ ಒತ್ತಿದೆ. ಅವಳು ಮತ್ತೆ ಆಕಾಶದಿಂದ ಇಳಿದು ನನ್ನ ಪಕ್ಕ ಬಂದು ನಿಂತಳು.

"ಏನೋ ಹೇಳ್ತಿದ್ದೆಯಲ್ಲ, ಏನದು?"

ಬಾಯಿ ತೆರೆದೆ. ಓಡುತ್ತಾ ಓಡುತ್ತಾ ಬಾಯಿಂದ ಜಾರಲಿದ್ದ ಮಾತು, "ಏನದು" ಎಂದು ನಿಂತು ಕೇಳಿದ ಮೇಲೆ ಬರಲೇ ಇಲ್ಲ. ಅವಳು ಕಾಯುತ್ತಿದ್ದಳು. ಎಲ್ಲೋ ಹತ್ತಿರದಲ್ಲಿ ಹೆಜ್ಜೆ ಸಪ್ಪಳ ಕೇಳುತ್ತಿತ್ತು.

"ಏನಿಲ್ಲ ಅಕ್ಕ. ಬಲಗಡೆ ನೋಡ್ಕೋ."

ಅವಳು ಬಲಕ್ಕೆ ತಿರುಗಿದಳು. ಅವರು ಎಡದಿಂದ ಬಂದರು.

ಸಂಜೆ ಅವಳೇ ಫೋನ್ ಮಾಡಿದಳು. ಜಗಳದ ದನಿಯಲ್ಲ. ಸುಸ್ತಾದವರ ದನಿ.

"ಗುಂಡಾಟ ತೆಗೆದುಹಾಕಿದೆ ಕಣೋ."

"ಯಾಕಕ್ಕ? ಇನ್ನೊಂದೆರಡು ವಾರ ನೋಡೋಣ."

"ಬೇಡ. ವಯಸ್ಸಾಯ್ತು ನನಗೆ. ಕಣ್ಣೂ ಸರಿಯಿಲ್ಲ, ಕೈಯೂ ಸರಿಯಿಲ್ಲ. ಹೋಗಿ ಹೋಗಿ ಸಾಯ್ತೀನಿ, ನಿನಗೂ ಆಡೋಕೆ ಬಿಡಲ್ಲ. ನೀನು ಕೆಲಸ ಬಿಟ್ಟು ಅಷ್ಟು ಕಷ್ಟಪಟ್ಟು ಏರಿಸಿಕೊಟ್ಟೆ. ನಾನು ಎಲ್ಲಾ ಹಾಳು ಮಾಡಿದೆ. ತಪ್ಪಾಯ್ತು ಕಣೋ."

ತಪ್ಪು ನಿನ್ನದಲ್ಲ ಅಂತ ಹೇಳಬೇಕು. ಹೇಳಬೇಕೆಂದರೆ ಆಟ ಹೇಗೆ ತೂಗುತ್ತದೆಂದು ಹೇಳಬೇಕು. ಅದನ್ನು ಹೇಳಿದರೆ ಬೊಂಬೆಗಳ ವಿಷಯ ಹೇಳಬೇಕು. ನಾನು ಫೋನು ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತೆ.

"ಹಲೋ? ಇದೀಯೇನೋ?"

"ಇದೀನಿ."

"ಮೊದಲು ನಾನು ಚೆನ್ನಾಗೇ ಆಡ್ತಿದ್ದೆ, ಅಲ್ವಾ?"

"ಚೆನ್ನಾಗಿ ಆಡ್ತಿದ್ದೆ ಅಕ್ಕ. ತುಂಬ ಚೆನ್ನಾಗಿ ಆಡ್ತಿದ್ದೆ."

"ಹೂಂ," ಅಂದಳು. "ಸರಿ, ಇಡಲಾ?"

"ಇಡು," ಅಂದೆ.