ಎಲ್ಲರಿಗೂ ತೆರೆದ ಫೋಲ್ಡರು

ಮಾಳು ಆ ದಿನವೂ ಬೆಳಿಗ್ಗೆಯೇ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದ. ಆ ದಿನ ಅವನ ತಾರೀಖು ಇರಲಿಲ್ಲ, ಯಾರೂ ಕರೆದೂ ಇರಲಿಲ್ಲ. ವಿಜಯಪುರದ ಆ ಸಣ್ಣ ಮಹಿಳಾ ಸಹಾಯ ಕೇಂದ್ರಕ್ಕೆ ಗಂಡಸರು ಬರುವುದು ಹೆಂಡತಿಯ ದೂರಿಗೆ ಉತ್ತರ ಹೇಳಲು. ಬಂದವರು ಮುಖ ಗಂಟು ಹಾಕಿಕೊಂಡು, ಯಾವಾಗ ಬಿಡುತ್ತಾರೋ ಎಂದು ಚಡಪಡಿಸುತ್ತಾರೆ. ಇವನೊಬ್ಬ ಮಾತ್ರ ಕರೆಯದೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಸ ಹೊಡೆಯುವವಳಿಗೂ ಕೈ ಮುಗಿದು, ಮೊಬೈಲು ನೋಡುತ್ತ ಕೂರುತ್ತಿದ್ದ. ಅವನ ವಿನಯ ಕಂಡರೆ ಪೂನಮಳಿಗೆ ಮೈ ಉರಿಯುತ್ತಿತ್ತು. ಬರೀ ಉರಿಯೂ ಅಲ್ಲ, ಹೆದರಿಕೆ ಆಗುತ್ತಿತ್ತು.

ಪೂನಮ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು, ಅರಕೇರಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಮಾಳುವಿನ ಹೆಂಡತಿ ಕಸ್ತೂರಿ ಬಬಲೇಶ್ವರದಿಂದ ಓಡಿ ಬಂದಾಗ ಅವಳ ದೂರನ್ನು ಟೈಪು ಮಾಡಿದವಳು ಇವಳೇ. ಗಂಡ ಕಾದ ಹಂಚಿನ ಮೇಲೆ ಒತ್ತಿ ಹಿಡಿದಿದ್ದ ಅಂಗೈಯನ್ನು ಕಸ್ತೂರಿ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಪೂನಮ ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದಳು. ಮುಂದಿನ ಸಲ ಕೈಯೊಂದನ್ನೇ ಸುಟ್ಟು ಬಿಡುವುದಿಲ್ಲ ಎಂದು ಮಾಳು ಹೇಳಿದ್ದನಂತೆ. ಅದಕ್ಕೇ ಕಸ್ತೂರಿಯನ್ನು ತೊರವಿಯ ಹೊರಗೊಂದು ಮನೆಯಲ್ಲಿ ಗುಟ್ಟಾಗಿ ಇರಿಸಿದ್ದರು. ಆ ಮನೆ ಅವನಿಗೆ ಗೊತ್ತಾಗಬಾರದು, ಗೊತ್ತಾದರೆ ಅವಳು ಉಳಿಯುವುದಿಲ್ಲ. ಇದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಪಾಟಿನ ಕಾಗದಗಳಿಗೆ ಗೆದ್ದಲು ಹಿಡಿದ ಮೇಲೆ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿಟ್ಟು, ಉಳಿದ ಮೇಜುಗಳಿಂದಲೂ ತೆರೆಯುವಂತೆ ಪೂನಮ ಜೋಡಿಸಿದ್ದಳು. ಯಾವ ಫೋಲ್ಡರು ಯಾರಿಗೆ ಕಾಣಬೇಕು, ಯಾರು ಬರೀ ಓದಬೇಕು, ಯಾರು ತಿದ್ದಬಹುದು, ಎಲ್ಲ ಚೊಕ್ಕಟವಾಗಿ ಗೊತ್ತುಮಾಡಿದ್ದಳು. ಯಾವ ಹೆಂಗಸನ್ನು ಎಲ್ಲಿ, ಯಾವ ಹೆಸರಿನಲ್ಲಿ ಇರಿಸಿದ್ದಾರೆ ಎಂಬ ಫೋಲ್ಡರು ಪಾಸ್‌ವರ್ಡಿಲ್ಲದೆ ಬಾಯಿ ಬಿಡುತ್ತಿರಲಿಲ್ಲ. ತನ್ನ ಕೆಲಸ ನೋಡಿ ತಾನೇ ಹಿಗ್ಗಿದ್ದಳು ಹುಡುಗಿ. ಆ ಹಿಗ್ಗು ಹೆಚ್ಚು ದಿನ ಬಾಳಲಿಲ್ಲ.

ಸುಧಾರಾಣಿ ಎಂದರೆ ಕೇಂದ್ರವನ್ನು ಕಟ್ಟಿದ ಹಿರಿಯರು. ಪೊಲೀಸರನ್ನೇ ಗದರಿಸಿ ಹೆಂಗಸರನ್ನು ಕರೆತಂದವರು, ಅವರ ಒಳ್ಳೆಯತನದಲ್ಲಿ ಎರಡು ಮಾತಿಲ್ಲ. ಆ ಫೋಲ್ಡರು ಅವರಿಗೂ ಪಾಸ್‌ವರ್ಡು ಕೇಳಿತು.

"ನಾ ಕಟ್ಟಿದ ಮನಿಯಾಗ ನನಗ ಕೀಲಿ ಹಾಕ್ತೀ ಏನ ಬೇ?" ಎಂದರು.

ಸಿಟ್ಟಿನಿಂದ ಅಂದಿದ್ದರೆ ಪೂನಮ ವಾದಿಸುತ್ತಿದ್ದಳು. ಅವರು ನೊಂದುಕೊಂಡು ಅಂದರು. ನಮ್ಮ ಕಡೆ ಹಿರಿಯರ ಎದುರು ಬಾಗಿಲು ಹಾಕುವುದೆಂದರೆ ಅವರನ್ನು ಕಳ್ಳರೆಂದು ಕರೆದಂತೆ. ಪೂನಮ ಅವರಿಗೇ ಬೇರೆ ಪಾಸ್‌ವರ್ಡು ಮಾಡಿಕೊಟ್ಟಳು, ಅವರು ಮರೆತರು. ಮತ್ತೊಂದು ಮಾಡಿಕೊಟ್ಟಳು, ಅದನ್ನೂ ಮರೆತು ಮುಖ ಸಣ್ಣದು ಮಾಡಿಕೊಂಡರು. ಕೊನೆಗೆ ಬೇಸತ್ತ ಪೂನಮ, ಕೇಂದ್ರದ ವೈಫೈ ಒಳಗಿರುವ ಯಾರಾದರೂ ಪಾಸ್‌ವರ್ಡಿಲ್ಲದೆ ಓದಬಹುದೆಂದು ಗುರುತು ಹಾಕಿಬಿಟ್ಟಳು. ಒಳಗಿರುವವರೆಲ್ಲ ನಮ್ಮವರೇ ತಾನೆ, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡಳು. ಆ ಆಮೇಲೆ ಎಂಬುದು ಬರಲೇ ಇಲ್ಲ.

ಮಾಳು ಬಂದು ಕುಳಿತ ಆ ದಿನ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಬುತ್ತಿ ಉಂಡು, ಕೈ ಒರೆಸಿಕೊಳ್ಳುತ್ತ ಪೂನಮ ಪಡಸಾಲೆಗೆ ಬಂದಳು. ತಿಕೋಟಾದಿಂದ ಬಂದಿದ್ದ ಒಬ್ಬ ಹೆಂಗಸಿಗೆ ಸುಧಾರಾಣಿ ತಂಬಿಗೆ ನೀರು, ಬೆಲ್ಲ ಕೊಟ್ಟು, ಅವಳ ಫೋನಿನಲ್ಲಿ ತಾವೇ ಏನೋ ಒತ್ತುತ್ತಿದ್ದರು. ಆಫೀಸಿನ ವೈಫೈ ಪಾಸ್‌ವರ್ಡು. ಪೂನಮ ಹತ್ತಿರ ಹೋದಳು. ಬಂದವರಿಗೆಲ್ಲ ಇದನ್ನು ಕೊಡುತ್ತೀರಾ ಎಂದು ಕೇಳಿದಳು.

"ಕೊಡಬೇಕಲ್ಲ. ಇಷ್ಟು ದೂರಿಂದ ಬರ್ತಾರ, ನೆಟ್ ಹತ್ತವಲ್ದು ಅಂತಾರ. ಇಲ್ಲ ಅಂತ ಹೆಂಗ ಅನ್ನೂದು?"

"ಮಾಳುಗೂ ಕೊಟ್ಟೀರೇನ್ರಿ, ಅಕ್ಕಾವ್ರ?"

"ಅಂವಗ ಮೊದಲ ದಿನಾನ ಕೊಟ್ಟೀನಿ. ಪಾಪ, ಅಂಗಡಿ ಬಿಟ್ಟು ಬಂದು ಕುಂದರತಾನ."

ಅಂಗಡಿ ಎಂದರೆ ಬಬಲೇಶ್ವರದಲ್ಲಿ ಮೊಬೈಲು ರಿಪೇರಿ ಅಂಗಡಿ. ಪೂನಮ ಬೆಂಚಿನತ್ತ ತಿರುಗಿ ನೋಡಿದಳು. ಬೆಂಚು ಖಾಲಿ ಇತ್ತು.

ನೀನು ಊಟಕ್ಕೆ ಕುಳಿತಾಗಲೇ ಹೋದನಲ್ಲ ಎಂದರು ಸುಧಾರಾಣಿ. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದನಂತೆ. ಇನ್ನು ಮುಂದೆ ನಿಮಗೆ ತ್ರಾಸು ಕೊಡುವುದಿಲ್ಲ ಅಂದನಂತೆ. ಹೇಳುವಾಗ ಅವರ ದನಿಯಲ್ಲಿ ಸಮಾಧಾನವಿತ್ತು, ಒಬ್ಬ ಗಂಡಸು ಸುಧಾರಿಸಿದನೆಂಬ ಸಮಾಧಾನ.

ಪೂನಮ ಓಡಿದಳು. ಯಾವ ಫೈಲನ್ನು ಯಾರು ಯಾವಾಗ ತೆರೆದರೆಂದು ಕಂಪ್ಯೂಟರು ಬರೆದಿಟ್ಟುಕೊಳ್ಳುವ ಜಾಗವನ್ನು ತೆಗೆದಳು. ಆ ಪಟ್ಟಿಯಲ್ಲಿ ಆಫೀಸಿನ ಕಂಪ್ಯೂಟರುಗಳ ನಡುವೆ ಒಂದು ಪರಕೀಯ ಫೋನು ಕೂತಿತ್ತು. ಇವತ್ತು ಮಾತ್ರವಲ್ಲ. ದಿನಾ ಬಂದು, ಒಂದೊಂದೇ ಫೋಲ್ಡರು ತಡಕಿ, ಬೆಂಚಿನ ಮೇಲೆ ಕುಳಿತಲ್ಲೇ ಎಲ್ಲ ಹೆಂಗಸರ ಗುಟ್ಟನ್ನೂ ಸಾವಕಾಶವಾಗಿ ಓದಿಕೊಂಡು ಹೋಗಿತ್ತು. ಇವತ್ತು ಕೊನೆಯಲ್ಲಿ ತೆರೆದದ್ದು ಕಸ್ತೂರಿಯ ಫೈಲು. ಪೂನಮ ತಾನು ಹಾಕಿದ ಗುರುತನ್ನು ತಾನೇ ಅಳಿಸಿದಳು. ಅಳಿಸಿ ಏನು ಬಂತು, ಓದಿದವನ ತಲೆಯಿಂದ ಅಳಿಸಲಾದೀತೆ?

ತೊರವಿಗೆ ಫೋನು ಹಚ್ಚಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಆ ಮನೆ ನೋಡಿಕೊಳ್ಳುವ ತಿಪ್ಪವ್ವ ಎತ್ತಿದಳು. ತಿಪ್ಪವ್ವ ಪೆದ್ದಿಯಲ್ಲ, ಗುರುತಿಲ್ಲದವರನ್ನು ಹೊಸ್ತಿಲು ದಾಟಿಸುವವಳೂ ಅಲ್ಲ. ಅಲ್ಲಿನ ಹೆಂಗಸರಿಗೆ ಬೇರೆ ಬೇರೆ ಹೆಸರಿಟ್ಟಿದ್ದರು. ಆ ಹೆಸರು ಹಿಡಿದು ಕೇಳಿದವರನ್ನು ಮಾತ್ರ ಅವಳು ಕೇಂದ್ರದವರೆಂದು ನಂಬಬೇಕು. ಕಸ್ತೂರಿ ಅಲ್ಲಿ ಪರಸವ್ವ.

"ವಕೀಲರ ಕಡಿಯಾಂವ ಬಂದಾನ್ರಿ," ಎಂದಳು ತಿಪ್ಪವ್ವ. "ಪರಸವ್ವನ ಸಹಿ ಬೇಕಂತ. ಹೆಸರೂ ಬರೋಬ್ಬರಿ ಹೇಳಿದ, ಮ್ಯಾಲಿನ ಕೋಣಿ ಅಂತನೂ ಹೇಳಿದ. ಸುಧಾರಾಣಿ ಅಕ್ಕಾವ್ರು ಕಳಿಸ್ಯಾರಂತ. ಭಾಳ ಮರ್ಯಾದಸ್ಥ ಮನಷ್ಯಾ."

ಅವನು ಈಗ ಎಲ್ಲಿದ್ದಾನೆ ಎಂದು ಪೂನಮ ಕೇಳಿದಳು.

"ಮ್ಯಾಲ ಹೋಗ್ಯಾನ್ರಿ. ಬಾಗಲಾ ಮುಂದ ಮಾಡ್ಕೊಂಡು ಮಾತಾಡಾಕತ್ತಾರ."

ಅವನು ಗಂಡ, ಅವನು ಮಾಳು, ಬಾಗಿಲು ತೆಗೆಸು, ಅಕ್ಕಪಕ್ಕದವರನ್ನು ಕರೆ ಎಂದು ಪೂನಮ ಒದರಿದಳು. ಹಿಂದೆ ನಿಂತಿದ್ದ ಸುಧಾರಾಣಿಗೆ ಆಗ ಎಲ್ಲ ತಿಳಿಯಿತು. ಅವರು ಪೊಲೀಸರಿಗೆ ಫೋನು ಮಾಡಲು ಹೋಗಿ, ತಪ್ಪು ನಂಬರು ಒತ್ತಿ, ಮತ್ತೆ ಒತ್ತಿದರು. ಫೋನಿನಲ್ಲಿ ತಿಪ್ಪವ್ವ ಮೆಟ್ಟಿಲು ಹತ್ತುವ ಸದ್ದು ಕೇಳಿತು. ಬಾಗಿಲು ಬಡಿದಳು. ಪರಸವ್ವಾ ಎಂದು ಕೂಗಿದಳು. ಮತ್ತೆ ಬಡಿದು, ಈ ಸಲ ಕಸ್ತೂರೀ ಎಂದು ಕೂಗಿದಳು.

"ಒಳಗಿಂದ ಚಿಲಕಾ ಹಾಕ್ಯಾರ ತಂಗೀ," ಎಂದಳು ತಿಪ್ಪವ್ವ. "ಈಗತಾನ ಆಕೀ ದನಿ ಕೇಳತಿತ್ತು. ಈಗ ಕೇಳವಲ್ದು."