ಮನೆಯಿಂದ ಮಾಡುವ ಕೆಲಸ

"ಪ್ರೊ ಅಂತೆ, ಪ್ರೊ! ಮನೆ ನಕ್ಷೆ ಬಿಡಿಸೋಕೆ ಮಾಮೂಲಿ ಆಪರೇಟಿಂಗ್ ಸಿಸ್ಟಮ್ ಸಾಲದೇನಮ್ಮಾ?" ಇಂಜಿನಿಯರ್ ಕನ್ನಡಕವನ್ನು ಹಣೆಗೇರಿಸಿ ನಕ್ಕರು.

"ಬಿಡಿಸೋಕೆ ಸಾಕು ಸಾರ್. ಆದ್ರೆ ಅದರ ಪ್ರೊ ಆವೃತ್ತಿ ಇದ್ರೆ ಮನೇಲಿ ಕೂತೇ ಆಫೀಸಿನ ಈ ಕಂಪ್ಯೂಟರ್ ತೆರೀಬಹುದು. ಮಾಮೂಲಿದ್ರಲ್ಲಿ ಆ ಸೌಲಭ್ಯ ಇಲ್ಲ. ಅಪ್ಪನ್ನ ಒಬ್ರನ್ನೇ ಬಿಟ್ಟು ಬರೋ ಹಾಗಿಲ್ಲ."

ಇಂಜಿನಿಯರರ ಕಚೇರಿ ಒಂದೇ ಕೋಣೆಯಲ್ಲಿದ್ದ ಕಾಲದಿಂದಲೂ ಅಲ್ಲಿನ ನಕ್ಷೆಗಳೆಲ್ಲ ಅವಳ ಕೈಯಲ್ಲೇ ಮೂಡಿದ್ದವು. ಈಗ ಪಾರ್ಶ್ವವಾಯು ಹೊಡೆದು ಅಪ್ಪನ ಬಲಭಾಗ ಬಿದ್ದುಹೋಗಿತ್ತು.

"ಶೋಕಿಗೆಲ್ಲ ಆಫೀಸು ದುಡ್ಡು ಕೊಡಲ್ಲ. ಬೇಕಾದ್ರೆ ನೀನೇ ಹಾಕಿಸ್ಕೋ."

ಹಾಕಿಸಿದಳು.

"ಅವರ ಯಂತ್ರಕ್ಕೆ ನಿನ್ ದುಡ್ಡಾ?" ಸೊಟ್ಟಗಾದ ಬಾಯಲ್ಲಿ ಅಪ್ಪ ತೊದಲಿದರು.

"ನಿಮ್ ಪಕ್ಕ ಕೂರೋಕೆ ಅಲ್ವಾ ಅಪ್ಪಾ" ಎಂದು ಮಂಚದ ಕಾಲಬಳಿ ಮೇಜು ಎಳೆದುಕೊಂಡಳು. ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಕೈ ಒರೆಸಿಕೊಂಡು ಬಂದು ಕೂತರೆ ಕಚೇರಿಯ ಪರದೆ ಅಲ್ಲೇ ತೆರೆದಿರುತ್ತಿತ್ತು. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುತ್ತಿತ್ತು. "ನೀನು ಇಲ್ಲಿಲ್ಲ ಅನ್ನೋದೇ ಗೊತ್ತಾಗಲ್ಲ ಕಣಮ್ಮಾ" ಎಂದು ಇಂಜಿನಿಯರ್ ಫೋನಿನಲ್ಲಿ ಹೊಗಳಿದಾಗ ಅವಳು ಹಿಗ್ಗಿದ್ದಳು.

ಅದೊಂದು ಮಧ್ಯಾಹ್ನ ಆಸ್ಪತ್ರೆಯೊಂದರ ಮೆಟ್ಟಿಲು ಬಿಡಿಸುತ್ತಿದ್ದಾಗ ಪರದೆ ಕಪ್ಪಾಯಿತು. 'ಈ ಕಂಪ್ಯೂಟರಿಗೆ ಬೇರೊಬ್ಬರು ಸಂಪರ್ಕ ಪಡೆದಿದ್ದಾರೆ. ನಿಮ್ಮ ಸಂಪರ್ಕ ಕಡಿದಿದೆ.' ಏನೋ ಎಡವಟ್ಟು ಎಂದುಕೊಂಡು ಮತ್ತೆ ಸಂಪರ್ಕಿಸಿದಳು. ಅವಳ ಮೆಟ್ಟಿಲನ್ನು ಯಾರೋ ಎಡಗೋಡೆಗೆ ಸರಿಸಿದ್ದರು. ವಾಪಸ್ಸು ತರುವಷ್ಟರಲ್ಲಿ ಮತ್ತೆ ಕಪ್ಪು. ಕಾಣದ ಯಾರೋ ಕತ್ತು ಹಿಡಿದು ಹೊರಗೆ ದಬ್ಬಿದ ಹಾಗಿತ್ತು. ಕೊನೆಗೆ ಇಂಜಿನಿಯರಿಗೆ ಫೋನು ಮಾಡಿದಳು.

"ಹೇಳೋಣ ಅಂತಲೇ ಇದ್ದೆ" ಎಂದರು. "ಬೇರೆ ಊರಿನ ಹುಡುಗಿ. ನಿನ್ನ ಅರ್ಧ ಸಂಬಳಕ್ಕೆ ಒಪ್ಪಿದ್ದಾಳೆ. ನಾಳೆಯಿಂದ ನೀನು ಅಪ್ಪನ್ನ ನೋಡ್ಕೋ."

"ನನ್ನ ಕೆಲಸ ಸಾರ್ ಅದು."

"ಮನೆಯಿಂದ ಮಾಡೋ ಕೆಲಸ, ಯಾರ ಮನೆಯಿಂದಾದ್ರೇನಮ್ಮಾ? ದಾರಿ ತೋರಿಸಿದ್ದೇ ನೀನು."

"ಆ ಪ್ರೊ ಹಾಕಿಸಿದ್ದು ನಾನು."

"ಅದಕ್ಕೇನಂತೆ, ಅದರ ದುಡ್ಡು ಕೊಟ್ಬಿಡ್ತೀನಿ ಬಿಡು" ಎಂದು ಅವರು ಫೋನು ಇಟ್ಟರು.

ಅವಳು ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದಿತು. ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಒತ್ತಿದಳು. ಆಗಲೂ ತಪ್ಪು.

ಮಂಚದ ಮೇಲೆ ಅಪ್ಪ ಎಡಗೈಯಲ್ಲಿ ಅಂಗಿಯ ಗುಂಡಿಯೊಂದಿಗೆ ಹೆಣಗುತ್ತಿದ್ದರು. ಬೇರೆ ದಿನವಾಗಿದ್ದರೆ ಎದ್ದು ಹೋಗಿ ಹಾಕಿರುತ್ತಿದ್ದಳು. ಇವತ್ತು ಕೂತಲ್ಲೇ ನೋಡಿದಳು. ಗುಂಡಿ ಕಾಜಾದ ಅಂಚಿಗೆ ಬಂತು, ಜಾರಿತು. ಅಪ್ಪ ಅವಳತ್ತ ತಿರುಗಲಿಲ್ಲ. ಮತ್ತೆ ಅದನ್ನೇ ಹುಡುಕತೊಡಗಿದರು.