ಹಕ್ಕಿ ನೋಡಲು ಹೊರಟ ಗಂಡ

ಕಾಗೆಗೂ ಕೋಗಿಲೆಗೂ ವ್ಯತ್ಯಾಸ ತಿಳಿಯದ ಮನುಷ್ಯ ಭಾನುವಾರ ಬೆಳ್ಳಂಬೆಳಿಗ್ಗೆ ಎದ್ದು ಹಕ್ಕಿ ನೋಡಲು ಹೊರಟರೆ ಯಾವ ಹೆಂಡತಿ ನಂಬುತ್ತಾಳೆ? ಹಾರ್ಮೋನಿಯಂ ರಿಪೇರಿಯವನ ಹೆಂಡತಿಯಂತೂ ನಂಬಲಿಲ್ಲ. ಗಾಣದೆತ್ತಿನ ಹಾಗೆ ಅಂಗಡಿಗೂ ಮನೆಗೂ ಸುತ್ತುತ್ತಿದ್ದವನು ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಎರವಲು ದುರ್ಬೀನು ನೇತುಹಾಕಿಕೊಂಡು ಹೋಗುತ್ತಿದ್ದ. ಕೇಳಿದರೆ, "ಮರ ಚಿಗುರೋ ಕಾಲ ಕಣೇ, ಹಕ್ಕಿಗಳು ಚೆನ್ನಾಗಿ ಹಾಡ್ತವಂತೆ" ಎನ್ನುತ್ತಿದ್ದ. ಆ 'ಅಂತೆ' ಅವಳಿಗೆ ಮುಳ್ಳಾಗಿ ಚುಚ್ಚಿತು.

"ಕರ್ಕೊಂಡು ಹೋಗೋಳು ಹೆಂಗಸು, ಅತ್ತಿಗೆ" ಎಂದು ನಾದಿನಿ ಬೆಂಕಿಗೆ ತುಪ್ಪ ಸುರಿದಳು.

ಮುಂದಿನ ಭಾನುವಾರ ಇವಳೂ ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ."

ಅವನ ಮುಖ ಹುಳ್ಳಗಾಯಿತು.

ಕೆರೆಯ ದಂಡೆಯಲ್ಲಿ ಏಳೆಂಟು ಜನ ಸೇರಿದ್ದರು. ದಾರಿ ತೋರಿಸುತ್ತಿದ್ದವಳು ತೆಳ್ಳಗಿನ ಶಾಲಾ ಶಿಕ್ಷಕಿ. ಉಳಿದವರೆಲ್ಲ ಕೊಂಬೆ ನೋಡಿದರೆ ಇವನು ಶಿಕ್ಷಕಿಯ ಪಕ್ಕಕ್ಕೆ ಅಂಟಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದ. ಅದರಲ್ಲೂ ತುಟಿಯನ್ನು! ಕಟ್ಟಿಕೊಂಡವಳ ಎದುರಿಗೇ ಇಷ್ಟು ಧೈರ್ಯವೇ ಎಂದು ಹೆಂಡತಿಯ ಮೈಯೆಲ್ಲ ಉರಿಯಿತು.

ಶಿಕ್ಷಕಿ ಬೆರಳೆತ್ತಿದಳು. "ಶ್! ಸೂರಕ್ಕಿ. ಕೇಳಿಸ್ತಾ, ಎಷ್ಟು ಸಣ್ಣ ದನಿ!"

ಕಿವಿಗೊಟ್ಟ ಎಲ್ಲರೂ ಖುಷಿಯಿಂದ ನಕ್ಕರು. ಅವರ ನಗು ನೋಡಿದ ಮೇಲೆ ಗಂಡನೂ ನಕ್ಕ. ಆ ತಡ ಹೆಂಡತಿಯ ಕಣ್ಣಿಗೆ ಬಿತ್ತು. ಹಕ್ಕಿ ಹಾರಿಹೋಗಿ ಎಲ್ಲ ಸುಮ್ಮನಾದಾಗ ಅವಳು ಬೇಕೆಂದೇ ಕೇಳಿದಳು: "ರೀ, ಮತ್ತೆ ಕೂಗ್ತಲ್ಲ, ಕೇಳಿಸ್ತಾ?"

"ಓಹೋ! ಎಷ್ಟು ಇಂಪು!"

ಅವಳು ಅವನ ತೋಳು ಹಿಡಿದು ಕಲ್ಲುಬೆಂಚಿಗೆ ಎಳೆದೊಯ್ದಳು. "ಯಾವಾಗಿಂದ ಹೀಗೆ?"

ಅವನು ದುರ್ಬೀನಿನ ಪಟ್ಟಿ ಸುತ್ತುತ್ತ ಕೂತ. "ಮೇಲಿನ ಸ್ವರಗಳು ಕೇಳಿಸ್ತಿಲ್ಲ ಕಣೇ. ಶ್ರುತಿ ಸರಿಯಿಲ್ಲ ಅಂತ ಗಿರಾಕಿ ಹಾರ್ಮೋನಿಯಂ ವಾಪಸ್ ತಂದಾಗ ಅವನ ಮೇಲೇ ರೇಗಿದೆ. ಇವತ್ತಾದ್ರೂ ಕೇಳಿಸುತ್ತೇನೋ ಅಂತ ಇಲ್ಲಿಗೆ ಬರ್ತಿದ್ದೆ."

"ನನ್ನ ಹತ್ರ ಹೇಳೋಕೇನಾಗಿತ್ತು?"

"ಗೋಡೆಗೂ ಕಿವಿ ಇರುತ್ತೆ, ಶ್ರುತಿ ಮಾಡೋನಿಗೇ ಇಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನಾನು ಏನೇನೋ ಅಂದ್ಕೊಂಡಿದ್ದೆ."

"ಏನಂದ್ಕೊಂಡಿದ್ದೆ?"

"ಏನಿಲ್ಲ, ಏಳಿ."

ಮರುದಿನವೇ ಕಿವಿ ಡಾಕ್ಟರ ಬಳಿ ಕರೆದೊಯ್ದಳು. ಹೋದದ್ದು ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಮಾತಿಗೆ ಅಡ್ಡಿಯಿಲ್ಲ, ಸಣ್ಣ ಸ್ವರಗಳ ಭರವಸೆ ಕೊಡಲಾರೆ ಎಂದರು ಡಾಕ್ಟರು. ಮನೆಯ ತಿರುವಿನಲ್ಲಿ ಅವಳು ಮನೆಗೆ ತಿರುಗದೆ ಅಂಗಡಿಯತ್ತ ನಡೆದಳು, ಸ್ಟೂಲು ಎಳೆದು ಕೂತಳು.

"ಸ್ವರದ ಹಿತ್ತಾಳೆ ಪಟ್ಟಿ ಉಜ್ಜಿ ಶ್ರುತಿ ಮಾಡಿ. ಎಲ್ಲಿ ನಿಲ್ಲಿಸ್ಬೇಕೋ ನಾನು ಹೇಳ್ತೀನಿ."

ಮೊದಲ ದಿನ ಒಂದೇ ಸ್ವರಕ್ಕೆ ಇಬ್ಬರೂ ಮಧ್ಯಾಹ್ನದವರೆಗೆ ಜಗಳವಾಡಿದರು.